ಅಪ್ಪಿಕೋ ಹಿಮಾಲಯದಿಂದ ಇಳಿದು ಬಂದದ್ದೇ?

ಹಿಮಾಲಯದ ಚಿಪ್ಕೋ ಚಳವಳಿ ನೋಡಿ ಶಿರಸಿಯವರು ಮರ ಅಪ್ಪಿ ಕಾಡು ಉಳಿಸುವ ಅಪ್ಪಿಕೋ ಚಳವಳಿ ಮಾಡಿದರು, ಒಂದು ಮರವನ್ನೂ ಕಡಿಯಬಾರದೆಂಬುದೇ ಅವರ ಹಟವಾಗಿತ್ತು ಎಂದು ಬಹಳ ಜನ ನಂಬಿದ್ದಾರೆ. ಎರಡೂ ಮಾತು ಪೂರ್ತಿ ಸರಿಯಲ್ಲ.

ಹೆಸರೂ ಮರ ಅಪ್ಪುವ ಕ್ರಮವೂ ಚಿಪ್ಕೋದಿಂದ ಬಂದವು, ನಿಜ. 1983ರ ಆಗಸ್ಟ್‌ನಲ್ಲಿ ಚಿಪ್ಕೋ ನಾಯಕ ಸುಂದರಲಾಲ್ ಬಹುಗುಣರು ಶಿರಸಿಗೆ ಬಂದಿದ್ದರು. ಆದರೆ ಅವರನ್ನು ಕರೆಸಿಕೊಂಡವರು ಊರಿನವರೇ. ಕಾಡು ಕಡಿದು ತೇಗ ನೆಡುವುದನ್ನು ನಿಲ್ಲಿಸಿ ಎಂದು ಬಾಳೆಗದ್ದೆಯ ಯುವಕ ಮಂಡಳಿ ಅದಕ್ಕೂ ಮೊದಲೇ ಅರಣ್ಯ ಇಲಾಖೆಗೆ ಬರೆದಿತ್ತು. ಕಡಿತ ನಿಲ್ಲಲಿಲ್ಲ. ಸೆಪ್ಟೆಂಬರ್ 8ರಂದು ಸಾಲ್ಕಣಿ ಸುತ್ತಲಿನ ಹೆಂಗಸರು, ಗಂಡಸರು ಕಾಡಿಗೆ ನಡೆದು ಮರ ಅಪ್ಪಿ ನಿಂತರು. 38 ದಿನಗಳ ನಂತರ ಕಡಿತದ ಆದೇಶ ಹಿಂದಕ್ಕೆ ಹೋಯಿತು. ಚಳವಳಿ ಸಿದ್ದಾಪುರದ ಹಳ್ಳಿಗಳಿಗೂ ಹಬ್ಬಿತು.

ಇದರ ಬೇರು ಸೊಪ್ಪಿನಬೆಟ್ಟದಲ್ಲಿದೆ, ಅಂದರೆ ಸೊಪ್ಪು ತರಲೆಂದು ತೋಟಿಗರಿಗೆ ಬಿಟ್ಟ ಕಾಡಿನಲ್ಲಿ. ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದಲೂ ಇದೆ. ಬೆಟ್ಟದ ಸೊಪ್ಪು, ದರಕು (ಒಣಗಿದ ಎಲೆ) ಕೊಟ್ಟಿಗೆಗೆ ಬರುತ್ತದೆ, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಹತ್ತಾರು ಜಾತಿಯ ಮರಗಳಿದ್ದ ಜಾಗದಲ್ಲಿ ಬರೀ ತೇಗ ಎದ್ದರೆ ಏನು ಕಳೆದುಹೋಗುತ್ತದೆಂದು ತೋಟಿಗರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾಡನ್ನು ದಿನಾ ಬಳಸುವವರು ಮರ ಮುಟ್ಟಲೇಬೇಡಿ ಎಂದು ಹೇಗೆ ಹೇಳಿಯಾರು? ಉಳಿಸು, ಬೆಳೆಸು, ಬಳಸು ಎಂಬುದೇ ಅವರ ಘೋಷಣೆಯಾಗಿತ್ತು. ಈ ಮೂರನೆಯದನ್ನು ಮರೆತು ಅಪ್ಪಿಕೋ ಕಥೆ ಹೇಳುವುದು ಆ ಜನರಿಗೆ ಮಾಡುವ ಅನ್ಯಾಯ.

ಅಪ್ಪಿಕೋಗೂ ಮೊದಲು ಇದೇ ಜನ ಬೇಡ್ತಿ ನದಿಯ ವಿದ್ಯುತ್ ಯೋಜನೆಯನ್ನು ವಿರೋಧಿಸಿದ್ದು ಬರೀ ಭಾವುಕತೆಯಿಂದ ಎಂಬುದು ಇನ್ನೊಂದು ತಪ್ಪು. ಯಲ್ಲಾಪುರದ ಕಾಡು, ತೋಟಗಳನ್ನು ಮುಳುಗಿಸಲಿದ್ದ ಆ ಅಣೆಕಟ್ಟಿನ ಬಗ್ಗೆ 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣವೇ ನಡೆಯಿತು. ನಡೆಸಿದ್ದು 1923ರಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಘ, ಟಿಎಸ್ಎಸ್. ವಿಜ್ಞಾನಿಗಳನ್ನು ಎದುರಿಗೆ ಕೂರಿಸಿಕೊಂಡು ಬರುವ ವಿದ್ಯುತ್ತಿನ ಲಾಭವನ್ನೂ ಹೋಗುವ ಕಾಡು, ತೋಟಗಳ ನಷ್ಟವನ್ನೂ ತೂಗಿ ನೋಡಿದರು. ಮುಂದೆ ಯೋಜನೆಯನ್ನು ಕೈಬಿಡಲಾಯಿತು. ರೈತರ ಸಂಘವೊಂದು ಸರ್ಕಾರದ ಲೆಕ್ಕಕ್ಕೆ ಲೆಕ್ಕದಲ್ಲೇ ಉತ್ತರ ಕೊಟ್ಟದ್ದು ನನಗಂತೂ ಮರ ಅಪ್ಪಿದ್ದಕ್ಕಿಂತ ಕಡಿಮೆಯ ಸಾಹಸವಾಗಿ ಕಾಣುವುದಿಲ್ಲ.

ಹೆಂಗಸರು ಮುಂದೆ ನಿಂತದ್ದೂ 1983ರಲ್ಲೇ ಮೊದಲಲ್ಲ. 1930ರ ದಶಕದಲ್ಲಿ ಬ್ರಿಟಿಷರ ವಿರುದ್ಧ ನಡೆದ ಕರನಿರಾಕರಣೆಯಲ್ಲಿ ಸತ್ಯಾಗ್ರಹಿಗಳ ಆಸ್ತಿ ಜಪ್ತಿಯಾಗಿ ಹರಾಜಾದಾಗ, ಕೊಂಡವರ ಮನೆಯೆದುರು ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಉಪವಾಸ ಕೂತವರು ಮಹಿಳೆಯರು.

ಶಾಲೆಗಳಲ್ಲಿ ಅಪ್ಪಿಕೋ ಪಾಠ ಮಾಡುವವರು ದಯವಿಟ್ಟು ಸೊಪ್ಪಿನಬೆಟ್ಟದಿಂದ, ಬೇಡ್ತಿಯಿಂದ ಶುರುಮಾಡಿ. ಆ ದಿನಗಳನ್ನು ಕಂಡವರು ಊರಲ್ಲಿ ಇನ್ನೂ ಇದ್ದಾರೆ, ಮಕ್ಕಳನ್ನು ಅವರ ಬಳಿಗೆ ಕಳಿಸಿ.