ಜಮಾಖರ್ಚಿನಲ್ಲಿ ಸೋತ ಕಾಲ್ಚೆಂಡಿನ ತಂಡಗಳು

ಶನಿವಾರ ಸಂಜೆಯಾಯಿತೆಂದರೆ ನಮ್ಮ ಅನೇಕ ಮನೆಗಳಲ್ಲಿ ಟಿ.ವಿ. ಮುಂದೆ ಹುಡುಗರದೇ ರಾಜ್ಯ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಪಂದ್ಯ ನಡೆದಿರುತ್ತದೆ. ಹಿರಿಯರು ವಾರ್ತೆ ಕೇಳಬೇಕೆಂದರೂ ಅವಕಾಶವಿಲ್ಲ. ಕಾಲ್ಚೆಂಡು ನಮಗೇನೂ ಹೊಸತಲ್ಲ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್ ಎಂಬುದನ್ನು ಈ ಹುಡುಗರಿಗೆ ಹೇಳಿಕೊಡಬೇಕಾದವರು ನಾವೇ. ಆದರೆ ಅವರು ಆಡಿಕೊಳ್ಳುವ ಒಂದು ಮಾತಿಗೆ ಹಿರಿಯರೂ ಕಿವಿಗೊಡಬೇಕಾಗಿದೆ: ಮೈದಾನದಲ್ಲಿ ಬೆವರು ಸುರಿಸಿ ಗಳಿಸಿದ ಅಂಕಗಳನ್ನು ಲೆಕ್ಕದ ಪುಸ್ತಕ ನೋಡಿ ಕಿತ್ತುಕೊಂಡರಂತೆ! ಇದೆಂಥ ಆಟವೆಂದು ಕೇಳುವ ತಂದೆತಾಯಿಗಳಿಗಾಗಿ ಈ ನಾಲ್ಕು ಮಾತು.

ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ಬು 1878ರಲ್ಲಿ ಹುಟ್ಟಿದ್ದು. 2023ರ ನವೆಂಬರ್ 17ರಂದು ಅದರ ಖಾತೆಯಲ್ಲಿ 14 ಅಂಕಗಳಿದ್ದವು. ಸಂಜೆಯ ಹೊತ್ತಿಗೆ ಉಳಿದದ್ದು ನಾಲ್ಕು! ಹತ್ತು ಅಂಕಗಳನ್ನು ಒಂದು ಸ್ವತಂತ್ರ ಮಂಡಳಿ ಕಡಿದುಹಾಕಿತ್ತು. ಹದಿನಾಲ್ಕನೆಯ ಸ್ಥಾನದಲ್ಲಿದ್ದ ತಂಡ ಹತ್ತೊಂಬತ್ತಕ್ಕೆ ಜಾರಿತು. ಆಗ ಜಾರಿಯಲ್ಲಿದ್ದ ನಿಯಮದ ಪ್ರಕಾರ ಕ್ಲಬ್ಬೊಂದು ಮೂರು ವರ್ಷಗಳಲ್ಲಿ ಒಟ್ಟು ಹತ್ತೂವರೆ ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ಮಾಡಿಕೊಳ್ಳಕೂಡದು. ಎವರ್ಟನ್ನಿನ ನಷ್ಟ 12 ಕೋಟಿ 45 ಲಕ್ಷಕ್ಕೆ ಮುಟ್ಟಿತ್ತು. ಹೊಸ ಕ್ರೀಡಾಂಗಣಕ್ಕಾಗಿ ಮಾಡಿದ ಸಾಲದ ಬಡ್ಡಿಯನ್ನು ಲೆಕ್ಕದಿಂದ ಬಿಡಬೇಕೆಂದು ಕ್ಲಬ್ಬು ವಾದಿಸಿತು, ವಾದ ನಿಲ್ಲಲಿಲ್ಲ. ಮೇಲ್ಮನವಿಯಲ್ಲಿ ಹತ್ತು ಆರಕ್ಕಿಳಿಯಿತು. ಅಷ್ಟರಲ್ಲೇ ಮುಂದಿನ ಅವಧಿಯ ಲೆಕ್ಕಕ್ಕಾಗಿ 2024ರ ಏಪ್ರಿಲಿನಲ್ಲಿ ಇನ್ನೆರಡು ಹೋದವು.

ಅಂಕವನ್ನೇಕೆ ಕೀಳಬೇಕು, ದಂಡ ವಸೂಲು ಮಾಡಿದರೆ ಸಾಲದೆ? ಕೋಟ್ಯಧೀಶನ ಕ್ಲಬ್ಬಿಗೆ ದಂಡವೆಂದರೆ ಸಮುದ್ರದಿಂದ ಒಂದು ಚೊಂಬು ನೀರು ಮೊಗೆದಂತೆ. ತಪ್ಪಿನ ಫಲ ಆಟದಲ್ಲಿ ಸಿಕ್ಕಿದ್ದರೆ ಶಿಕ್ಷೆಯೂ ಆಟದಲ್ಲೇ ಆಗಬೇಕೆಂಬುದು ಮಂಡಳಿಯ ನಿಲುವು. ಮಾತು ನ್ಯಾಯವಾದದ್ದೇ. ಆದರೆ ಈ ನಷ್ಟದ ಅವಧಿ ಮುಗಿದದ್ದು 2022ರಲ್ಲಿ. ಆ ವರ್ಷ ಎವರ್ಟನ್ 39 ಅಂಕಗಳಿಂದ ಮೇಲಿನ ದರ್ಜೆಯಲ್ಲಿ ಉಳಿಯಿತು. 35 ಅಂಕ ಪಡೆದ ಬರ್ನ್ಲಿ ಕೆಳದರ್ಜೆಗೆ ಇಳಿಯಿತು. ಶಿಕ್ಷೆ ಬಂದದ್ದು ಒಂದೂವರೆ ವರ್ಷದ ಮೇಲೆ. ಅಂದು ಬರ್ನ್ಲಿ ಕಳೆದುಕೊಂಡ ಸ್ಥಾನವನ್ನು ಯಾವ ಅಂಕಗಣಿತವೂ ತಿರುಗಿ ಕೊಡಲಿಲ್ಲ. ಇತ್ತ ಎವರ್ಟನ್ನಿನ ಮೈದಾನದಲ್ಲಿ ಸಾವಿರಾರು ಜನ ನಸುಗೆಂಪು ಕಾಗದದ ಫಲಕಗಳನ್ನೆತ್ತಿ ಲೀಗನ್ನು ಭ್ರಷ್ಟವೆಂದು ಹಳಿದರು. ಖರ್ಚು ಮಾಡಿದವರು ಅವರಲ್ಲ. ತಲೆತಲಾಂತರದಿಂದ ಟಿಕೀಟು ಕೊಂಡು ಬಂದವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಅವರಿಗೆ ಗೊತ್ತಿದ್ದರೆ ಅದನ್ನೇ ಬರೆದು ಹಿಡಿಯುತ್ತಿದ್ದರೇನೋ!

ಹಾಗಾದರೆ ನಿಯಮವೇ ಬೇಡವೆ? ಬೇಡವೆನ್ನುವವರು ಬರಿ ಎಂಬ ಊರಿನ ಕಥೆಯನ್ನು ಕೇಳಬೇಕು. ಮ್ಯಾಂಚೆಸ್ಟರಿನ ಬಳಿಯ ಬಟ್ಟೆ ಗಿರಣಿಗಳ ಹಳೆಯ ಊರದು. ಗಿರಣಿಯ ಭೋಂಗಾ ಕೇಳಿ ಬೆಳೆದ ನಮ್ಮ ಮುಂಬಯಿಯ ಓದುಗರಿಗೆ ಇಂಥ ಊರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಲ್ಲಿಯ ಕ್ಲಬ್ಬು 1885ರಲ್ಲಿ ಸ್ಥಾಪನೆಯಾಗಿ, 1900 ಮತ್ತು 1903ರಲ್ಲಿ ಎಫ್.ಎ. ಕಪ್ಪನ್ನು ಗೆದ್ದಿತ್ತು. 2018ರಲ್ಲಿ ಅದು ಒಬ್ಬ ಹೊಸ ಮಾಲಿಕನ ಕೈಗೆ ಕೇವಲ ಒಂದು ಪೌಂಡಿಗೆ ಹೋಯಿತು. ಸಾಲ ಕುತ್ತಿಗೆಯವರೆಗೆ ಬಂದಿತ್ತು. ಆಟಗಾರರಿಗೆ ಪಗಾರವಿಲ್ಲ. ಆಶ್ಚರ್ಯವೆಂದರೆ ಅಂಥ ಸ್ಥಿತಿಯಲ್ಲೂ ಅವರು 2019ರಲ್ಲಿ ಗೆದ್ದು ಮೇಲಿನ ದರ್ಜೆಗೆ ಏರಿದರು! ಆದರೂ ಹೊಸ ಹಂಗಾಮಿನ ಪಂದ್ಯಗಳು ಒಂದೊಂದಾಗಿ ರದ್ದಾದವು. ಕ್ಲಬ್ಬನ್ನು ಕೊಳ್ಳಲು ಯಾರೋ ಮುಂದೆ ಬಂದಿದ್ದಾರೆಂಬ ಸುದ್ದಿ ಹಬ್ಬಿದಾಗ ನೂರಾರು ಜನ ಪೊರಕೆ, ಬಕೀಟು ಹಿಡಿದು ಗಿಗ್ ಲೇನ್ ಮೈದಾನಕ್ಕೆ ಬಂದು, ಆಸನಗಳನ್ನು ಒರೆಸಿ, ಕಸ ಗುಡಿಸಿದರು. ಮದುವೆಗೆ ಮುಂಚೆ ಮನೆ ಸಾರಿಸುವ ಸಡಗರ. ಅದೇ ಆಗಸ್ಟ್ 27ರ ರಾತ್ರಿ ಲೀಗು ಬರಿ ಕ್ಲಬ್ಬನ್ನು ಹೊರಹಾಕಿತು. 125 ವರ್ಷಗಳ ಸದಸ್ಯತ್ವ ಅಲ್ಲಿಗೆ ಮುಗಿಯಿತು.

ನಮ್ಮ ಸಂಘಗಳಲ್ಲಿ ದುಡಿದವರಿಗೆ ಈ ರೋಗ ಅಪರಿಚಿತವಲ್ಲ. ನಾಡಹಬ್ಬಕ್ಕೆ ದೊಡ್ಡ ಗಾಯಕರನ್ನು ಕರೆಸೋಣ, ವಂತಿಗೆ ಹೇಗೂ ಬರುತ್ತದೆಂದು ಉತ್ಸಾಹದಿಂದ ಎದ್ದು ನಿಲ್ಲುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ವಂತಿಗೆ ಬಾರದಿದ್ದಾಗ ಮಂಟಪದವನಿಗೆ ಮುಖ ತೋರಿಸಬೇಕಾದವನು ಕೋಶಾಧ್ಯಕ್ಷ! ವ್ಯತ್ಯಾಸವೆಲ್ಲ ಸೊನ್ನೆಗಳ ಸಂಖ್ಯೆಯಲ್ಲಿ.

ನಿಯಮಕ್ಕೆ ಇನ್ನೊಂದು ಮುಖವೂ ಉಂಟು. ಅದು ನಾಟಿಂಗ್‌ಹ್ಯಾಮ್ ಫಾರೆಸ್ಟಿನ ಪ್ರಸಂಗದಲ್ಲಿ ಕಾಣುತ್ತದೆ. 1979 ಮತ್ತು 1980ರಲ್ಲಿ ಯುರೋಪಿನ ಚಾಂಪಿಯನ್ನಾಗಿದ್ದ ಈ ಕ್ಲಬ್ಬಿನ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. 2023ರಲ್ಲಿ ಅದರ ಮಿತಿ 6 ಕೋಟಿ 10 ಲಕ್ಷ ಪೌಂಡು. ನಷ್ಟ ಅದನ್ನು 3 ಕೋಟಿ 45 ಲಕ್ಷದಷ್ಟು ದಾಟಿತ್ತು. ತಂಡದಲ್ಲಿ ಬ್ರೆನನ್ ಜಾನ್ಸನ್ ಎಂಬ ತರುಣನಿದ್ದ. ನಾಟಿಂಗ್‌ಹ್ಯಾಮಿನಲ್ಲೇ ಹುಟ್ಟಿ, ಎಂಟನೆಯ ವಯಸ್ಸಿಗೇ ಕ್ಲಬ್ಬು ಸೇರಿದವನು. ತಂದೆಯೂ ಅಲ್ಲೇ ಆಡಿದ್ದ. ಹೊರಗಿನಿಂದ ಐದು ಕೋಟಿಗೆ ಐದು ವರ್ಷದ ಕರಾರಿನ ಮೇಲೆ ಆಟಗಾರನನ್ನು ತಂದರೆ ಲೆಕ್ಕದಲ್ಲಿ ವರ್ಷಕ್ಕೆ ಒಂದೊಂದು ಕೋಟಿ ಖರ್ಚು ಬರೆಯುತ್ತಾರೆ. ಮಾರುವಾಗ ಬರೆಯದೆ ಉಳಿದದ್ದನ್ನು ಕಳೆದು ಲಾಭ ಎಣಿಸುತ್ತಾರೆ. ಮನೆಯ ಹುಡುಗನ ಹೆಸರಿನಲ್ಲಿ ಅಂಥ ಖರೀದಿಯ ಬೆಲೆಯೇ ಇಲ್ಲವಾದ್ದರಿಂದ ಅವನನ್ನು ಮಾರಿದ ಹಣವೆಲ್ಲ ಲಾಭ. ಹೀಗಾಗಿ ಲೆಕ್ಕ ಸರಿದೂಗಿಸಬೇಕೆಂದಾಗ ಮೊದಲು ಬಾಗಿಲು ದಾಟುವವನು ಮನೆಮಗ.

ಫಾರೆಸ್ಟಿನವರು ಗಡುವಿನೊಳಗೆ ಮಾರಲಿಲ್ಲ. ಹೆಚ್ಚು ಬೆಲೆಗಾಗಿ ಕಾದು ಸೆಪ್ಟೆಂಬರ್ 1ರಂದು ಟಾಟನ್‌ಹ್ಯಾಮಿಗೆ 4 ಕೋಟಿ 75 ಲಕ್ಷ ಪೌಂಡಿಗೆ ಕೊಟ್ಟರು. ಅವಸರದಲ್ಲಿ ಅಗ್ಗಕ್ಕೆ ಮಾರುವುದಕ್ಕಿಂತ ಕಾದು ಮಾರುವುದೇ ಜಾಣತನವಲ್ಲವೆ ಎಂದು ಅವರು ಕೇಳಿದರು. ನಿಯಮ ಕೇಳುವುದು ತಾರೀಖನ್ನು. 2024ರ ಮಾರ್ಚಿನಲ್ಲಿ ನಾಲ್ಕು ಅಂಕ ಹೋದವು. ತಪ್ಪೊಪ್ಪಿ ಸಹಕರಿಸಿದ್ದಕ್ಕಾಗಿ ಎರಡು ಕಡಿಮೆ ಮಾಡಿ ನಾಲ್ಕು. ಕೊನೆಗೆ 32 ಅಂಕಗಳಿಂದ ತಂಡವೇನೋ ಬದುಕಿಕೊಂಡಿತು.

ಇನ್ನು ಬಲಿಷ್ಠರ ಮಾತು. ಮ್ಯಾಂಚೆಸ್ಟರ್ ಸಿಟಿಯ ಮೇಲೆ ಲೀಗು ನೂರಕ್ಕೂ ಮಿಕ್ಕ ಆರೋಪಗಳನ್ನು ಹೊರಿಸಿದ್ದು 2023ರ ಫೆಬ್ರವರಿಯಲ್ಲಿ. ಕ್ಲಬ್ಬು ಎಲ್ಲವನ್ನೂ ಅಲ್ಲಗಳೆಯಿತು. ವಿಚಾರಣೆ ಆರಂಭವಾದದ್ದು 2024ರ ಸೆಪ್ಟೆಂಬರಿನಲ್ಲಿ. ಈ ನಡುವಿನ ಅವಧಿಯೊಳಗೇ ಎವರ್ಟನ್ನಿನ ಮೇಲೆ ಆರೋಪ, ಶಿಕ್ಷೆ, ಮೇಲ್ಮನವಿ, ಮರುಶಿಕ್ಷೆ ಎಲ್ಲವೂ ಮುಗಿದಿದ್ದವು. ನೂರು ಆರೋಪಗಳ ಕಡತ ದಪ್ಪಗಿರುತ್ತದೆ, ಓದಲು ಹೊತ್ತು ಬೇಕು, ಒಪ್ಪುತ್ತೇವೆ. ಸಿಟಿ ತಪ್ಪು ಮಾಡಿದೆಯೆಂದು ನಾವೂ ಹೇಳುವವರಲ್ಲ. ಆದರೆ ಲಿವರ್‌ಪೂಲಿನ ಬೀದಿಯಲ್ಲಿ ನಿಂತವನಿಗೆ ಇದು ಹೇಗೆ ಕಂಡಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ನಮ್ಮ ಅಭಿಪ್ರಾಯದಲ್ಲಿ ಲೆಕ್ಕದ ಪುಸ್ತಕವನ್ನು ಕೆಟ್ಟ ಮೇಲೆ ತೆರೆಯುವುದಕ್ಕಿಂತ ಕೆಡುವ ಮುಂಚೆ ತೆರೆಯಬೇಕು. ನಷ್ಟದ ಮಿತಿಯ ಬದಲು, 2026-27ರ ಹಂಗಾಮಿನಿಂದ ತಂಡದ ಮೇಲಿನ ಖರ್ಚನ್ನು ಆದಾಯದ ಶೇಕಡಾ 85ಕ್ಕೆ ಕಟ್ಟಿಹಾಕುವುದೆಂದು ಕ್ಲಬ್ಬುಗಳು 2025ರ ನವೆಂಬರಿನಲ್ಲಿ ಮತ ಹಾಕಿ ನಿರ್ಧರಿಸಿದವು. ಅದಕ್ಕಿಂತ ಮಹತ್ವದ್ದು ಅದೇ ವರ್ಷದ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂದ ಕಾಯಿದೆ. ಕ್ಲಬ್ಬುಗಳಿಗೆ ಪರವಾನಗಿ ಕೊಡುವ, ಮಾಲಿಕರ ಯೋಗ್ಯತೆಯನ್ನು ಪರೀಕ್ಷಿಸುವ ಸ್ವತಂತ್ರ ನಿಯಂತ್ರಕನೊಬ್ಬ ಅದರಿಂದ ಬಂದಿದ್ದಾನೆ. ಮೈದಾನವನ್ನು ಮಾರಬೇಕಾದರೂ ಅವನ ಒಪ್ಪಿಗೆ ಬೇಕು.

ಬರಿಯ ಜನ ಇಷ್ಟಕ್ಕೆಲ್ಲ ಕಾಯುತ್ತ ಕೂಡಲಿಲ್ಲ. ಹಣ ಕೂಡಿಸಿ, ಸರ್ಕಾರದ ನೆರವನ್ನೂ ಪಡೆದು ಗಿಗ್ ಲೇನನ್ನು ತಾವೇ ಕೊಂಡರು. 2023ರಲ್ಲಿ, ಹಿಂದಿನದಕ್ಕಿಂತ ಎಷ್ಟೋ ಮೆಟ್ಟಿಲು ಕೆಳಗಿನ ಲೀಗಿನಲ್ಲಿ, ಅದೇ ಹೆಸರಿನ ತಂಡ ಅದೇ ಮೈದಾನಕ್ಕೆ ಮತ್ತೆ ಆಡಲಿಳಿಯಿತು.