ಪೆಟ್ಟಿಗೆ ದೊಡ್ಡದಿರಲಿ, ಸದ್ದು ಸಣ್ಣದಿರಲಿ

ಪಿ.ಯು.ಸಿ. ಫಲಿತಾಂಶ ಬಂದು ಕಾಲೇಜಿನ ಸೀಟು ಖಾತ್ರಿಯಾಯಿತೆಂದರೆ ಬಹಳಷ್ಟು ಮನೆಗಳಲ್ಲಿ ಮುಂದಿನ ಮಾತು ಕಂಪ್ಯೂಟರಿನದೇ. ಲ್ಯಾಪ್‌ಟಾಪ್ ಸಾಕೆನ್ನುವವರು ಹೆಚ್ಚು. ಆದರೆ ಕಟ್ಟಡ ವಿನ್ಯಾಸ, ಅನಿಮೇಷನ್, ವಿಡಿಯೊ ಸಂಕಲನದಂಥ ಕೋರ್ಸುಗಳಿಗೆ ಸೇರಿದವರು ಡೆಸ್ಕ್‌ಟಾಪ್ ಬೇಕೆನ್ನುವುದುಂಟು. ಆಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ, ತಮ್ಮೂರಿನ ಪರಿಚಯದ ಅಂಗಡಿಯಲ್ಲೋ ಬಿಡಿಭಾಗ ಆರಿಸಿ ಜೋಡಿಸಿಕೊಳ್ಳುತ್ತಾರೆ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಕ್ಯಾಬಿನೆಟ್ಟಿನ ಸರದಿ ಬಂದಾಗ ಮಾತ್ರ ಮಗ 'ಬಣ್ಣದ ದೀಪ ಇರೋದು ಬೇಕು' ಎಂದರೆ, ಅಪ್ಪ 'ಇದ್ದುದರಲ್ಲಿ ಕಡಿಮೆಯದು ಕೊಡಿ' ಎನ್ನುತ್ತಾರೆ. ಎರಡೇ ನಿಮಿಷದಲ್ಲಿ ತೀರ್ಮಾನ ಮುಗಿಯುತ್ತದೆ.

ನಾವು ರೂಢಿಯಲ್ಲಿ 'ಸಿ.ಪಿ.ಯು.' ಎಂದೇ ಕರೆಯುವ ಈ ಪೆಟ್ಟಿಗೆಯನ್ನು ಇಷ್ಟು ಹಗುರವಾಗಿ ನೋಡಬಾರದು. ಒಳಗಿನ ಭಾಗಗಳೆಲ್ಲ ಒಂದೊಂದಾಗಿ ಹಳತಾಗಿ ಬದಲಾದರೂ ಕೊನೆಯವರೆಗೆ ಉಳಿಯಬಲ್ಲದ್ದು ಇದೊಂದೇ. ಓದುವ ಕೋಣೆಯಲ್ಲೇ ಅಜ್ಜಿಯೋ ತಂಗಿಯೋ ಮಲಗುವ ಮನೆಗಳಲ್ಲಿ ರಾತ್ರಿಯ ನೆಮ್ಮದಿಯೂ ಇದರ ಮೇಲೆ ನಿಂತಿದೆ.

ಸದ್ದು ಎಲ್ಲಿಂದ?

ಕಂಪ್ಯೂಟರ್ ಸೆಳೆಯುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿ ಹೊರಬರುತ್ತದೆ. ನೂರು ವಾಟಿನ ಹಳೆಯ ಬಲ್ಬೊಂದನ್ನು ಉರಿಸಿ ಡಬ್ಬಿಯಲ್ಲಿಟ್ಟು ಮುಚ್ಚಿದರೆ ಏನಾದೀತು, ಊಹಿಸಿ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನೊಳಗೆ ಅಂಥ ಎರಡು ಮೂರು ಬಲ್ಬುಗಳಷ್ಟು ಶಾಖ ಹುಟ್ಟಬಹುದು. ಅದನ್ನು ಹೊರದಬ್ಬುವ ಕೆಲಸ ಫ್ಯಾನುಗಳದು. ಪೆಟ್ಟಿಗೆ ಇಕ್ಕಟ್ಟಾಗಿ, ಗಾಳಿಯ ದಾರಿಗೆ ವೈರುಗಳು ಅಡ್ಡಬಿದ್ದಿದ್ದರೆ ಫ್ಯಾನುಗಳು ಜೋರಾಗಿ ತಿರುಗಿ ಕಿರುಚುತ್ತವೆ. ಅದೂ ಸಾಲದಾದಾಗ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅಂದರೆ ಹೆಚ್ಚು ಹಣ ಕೊಟ್ಟು ತಂದ ವೇಗ ಕಳಪೆ ಪೆಟ್ಟಿಗೆಯಿಂದಾಗಿ ದಕ್ಕದೇ ಹೋಗುತ್ತದೆ.

ದೊಡ್ಡ ಪೆಟ್ಟಿಗೆಯ ಗುಟ್ಟು ಇಲ್ಲಿದೆ. ಅದರಲ್ಲಿ 120 ಅಥವಾ 140 ಮಿ.ಮೀ. ಅಗಲದ ಫ್ಯಾನು ಹಿಡಿಸುತ್ತದೆ. ಹಳೆಯ 80 ಮಿ.ಮೀ. ಫ್ಯಾನಿಗೆ ಹೋಲಿಸಿದರೆ 140ರದ್ದರ ವಿಸ್ತಾರ ಮೂರು ಪಟ್ಟು. ಹಾಗಾಗಿ ನಿಧಾನವಾಗಿ ತಿರುಗಿಯೂ ಅದು ಅಷ್ಟೇ ಗಾಳಿ ಸಾಗಿಸಬಲ್ಲದು. ಯಾವುದೇ ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಸಾಗುವ ಗಾಳಿ ಅರ್ಧವಾಗುತ್ತದೆ. ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಮಲಗುವ ಕೋಣೆಯೊಳಗೆ ಎಡೆಬಿಡದ ಸದ್ದು 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ ಎಂಬುದನ್ನೂ ನೆನಪಿಡಿ.

ಅಳತೆ ತಿಳಿದಿರಲಿ

ಇಂಟೆಲ್ ಕಂಪನಿ 1995ರಲ್ಲಿ ರೂಪಿಸಿದ 'ಎ.ಟಿ.ಎಕ್ಸ್.' ಎಂಬ ಅಳತೆ ಇಂದಿಗೂ ಚಾಲ್ತಿಯಲ್ಲಿದೆ. ಅದರ ಮದರ್‌ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಇದರ ತಮ್ಮನಂತಿರುವ 'ಮೈಕ್ರೊ ಎ.ಟಿ.ಎಕ್ಸ್.' ಎರಡೂ ಕಡೆ 244 ಮಿ.ಮೀ. ಎ.ಟಿ.ಎಕ್ಸ್. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಚಿಕ್ಕ ಬೋರ್ಡೂ ಕೂರುತ್ತದೆ. ಚಿಕ್ಕ ಪೆಟ್ಟಿಗೆಯಲ್ಲಿ ದೊಡ್ಡ ಬೋರ್ಡು ಕೂರದು. ಆದ್ದರಿಂದ ಈಗ ಚಿಕ್ಕ ಬೋರ್ಡು ಕೊಂಡರೂ ಪೆಟ್ಟಿಗೆ ದೊಡ್ಡದೇ ಇರಲಿ. ನಾಲ್ಕು ವರ್ಷ ಕಳೆದು ಬೋರ್ಡು ಬದಲಿಸುವಾಗ ಪೆಟ್ಟಿಗೆಯ ಖರ್ಚು ಉಳಿಯುತ್ತದೆ.

ಇನ್ನೆರಡು ಅಳತೆಗಳನ್ನು ಅಂಗಡಿಯವರಲ್ಲಿ ಕೇಳಲೇಬೇಕು. ಎಷ್ಟು ಉದ್ದದ ಗ್ರಾಫಿಕ್ಸ್ ಕಾರ್ಡ್ ಹಿಡಿಸುತ್ತದೆ? ಪ್ರೊಸೆಸರ್ ಮೇಲಿನ ಕೂಲರ್ ಎಷ್ಟು ಎತ್ತರವಿರಬಹುದು? ದೊಡ್ಡ ಕಾರ್ಡುಗಳು 300 ಮಿ.ಮೀ. ದಾಟುತ್ತವೆ. ಸದ್ದಿಲ್ಲದೆ ಕೆಲಸ ಮಾಡುವ ದೊಡ್ಡ ಕೂಲರುಗಳು 160 ಮಿ.ಮೀ. ಆಸುಪಾಸಿನಲ್ಲಿರುತ್ತವೆ. ಇವು ಹೊಂದದಿದ್ದರೆ ಪಕ್ಕದ ಬಾಗಿಲೇ ಮುಚ್ಚದು.

ಮುಟ್ಟಿ ನೋಡಿ, ತಟ್ಟಿ ನೋಡಿ

ಪಕ್ಕದ ತಗಡನ್ನು ಹೆಬ್ಬೆರಳಿನಿಂದ ಒತ್ತಿ. ಒಳಕ್ಕೆ ಬಾಗಿದರೆ, ತಟ್ಟಿದಾಗ ಎಣ್ಣೆ ಡಬ್ಬಿಯಂತೆ ಸದ್ದು ಮಾಡಿದರೆ ಬೇಡ. ಡಬ್ಬಿ ನಡುಗುವುದಕ್ಕೆ ಹಾರ್ಡ್ ಡಿಸ್ಕ್ ಕೂಡ ಕಾರಣ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಎಂದರೆ ಸೆಕೆಂಡಿಗೆ 120 ಸುತ್ತು; ಆ ಕಂಪನ ತಗಡಿಗೆ ಹಬ್ಬಿ ಗುಂಯ್ ಎನ್ನುತ್ತದೆ. ಡಿಸ್ಕ್ ಕೂರಿಸುವಲ್ಲಿ ರಬ್ಬರ್ ಬಿಲ್ಲೆಗಳಿವೆಯೇ ನೋಡಿ. ಎಸ್.ಎಸ್.ಡಿ. ಮಾತ್ರ ಬಳಸುವವರಿಗೆ ಈ ಚಿಂತೆಯಿಲ್ಲ. ಅದರಲ್ಲಿ ತಿರುಗುವ ಭಾಗವೇ ಇಲ್ಲ.

ಮುಂಭಾಗ ಪೂರ್ತಿ ಗಾಜಿನದಿದ್ದರೆ ಗಾಳಿ ಒಳಬರುವುದೆಲ್ಲಿಂದ? ಕೆಲವು ಪೆಟ್ಟಿಗೆಗಳಲ್ಲಿ ಮುಂಬಾಗಿಲು ಮುಚ್ಚಿ, ಒಳಗೆ ಸದ್ದು ಹೀರುವ ಹಾಸು ಅಂಟಿಸಿರುತ್ತಾರೆ. ಮಡಿಕೇರಿಯ ತಂಪಿಗೆ ಅದು ಸರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಲ್ಲಿ ಫ್ಯಾನು ಒಳಗೆಳೆಯುವ ಗಾಳಿಯೇ ಬಿಸಿ. ಅಲ್ಲಿ ಜಾಲರಿಯ ಮುಂಭಾಗವೇ ಲೇಸು. ಜಾಲರಿಯ ಹಿಂದೆ ಧೂಳು ತಡೆಯುವ ತೆಳು ಪರದೆ ಇರಬೇಕು. ಅದನ್ನು ಮನೆಯವರೇ ಕಳಚಿ ತೊಳೆಯುವಂತಿರಬೇಕು. ಧೂಳು ಕಟ್ಟಿದ ಪರದೆಯಿಂದ ಗಾಳಿ ಸಾಗದೆ ಫ್ಯಾನಿನ ಗಲಾಟೆ ಮತ್ತೆ ಶುರುವಾಗುತ್ತದೆ.

ಅಗ್ಗದ ಕ್ಯಾಬಿನೆಟ್ ಜೊತೆ 'ಫ್ರೀ' ಬರುವ ಎಸ್.ಎಂ.ಪಿ.ಎಸ್. ನಂಬಬೇಡಿ. ವಿದ್ಯುತ್ ಪೂರೈಸುವ ಆ ಭಾಗ ಕೈಕೊಟ್ಟರೆ ಉಳಿದವನ್ನೂ ಸುಡಬಹುದು. ಒಳ್ಳೆಯ ಕಂಪನಿಯದನ್ನು ಬೇರೆಯಾಗಿ ಕೊಳ್ಳಿ. ಪೆಟ್ಟಿಗೆ ಮುಟ್ಟಿದಾಗ ಮೈ ಜುಮ್ಮೆಂದರೆ ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಸರಿಯಿಲ್ಲವೆಂದು ತಿಳಿದು ಎಲೆಕ್ಟ್ರಿಷಿಯನ್ ಕರೆಸಿ. ಲೋಹದ ಪೆಟ್ಟಿಗೆಗೆ ಅದು ಅಲಂಕಾರವಲ್ಲ, ಜೀವರಕ್ಷಣೆ.

ಮನೆಗೆ ತಂದ ಮೇಲೆ

ಕಂಪ್ಯೂಟರ್ ಟೇಬಲ್ಲಿನ ಕೆಳಗೆ ಮೂರು ಕಡೆ ಮುಚ್ಚಿದ ಗೂಡಿರುತ್ತದಲ್ಲ, ಅದರೊಳಗೆ ಪೆಟ್ಟಿಗೆಯನ್ನು ತುರುಕಬೇಡಿ. ಹೊರಬಂದ ಬಿಸಿಗಾಳಿಯೇ ಮತ್ತೆ ಒಳಹೋಗುತ್ತದೆ. ಹಿಂದೆ ಒಂದು ಗೇಣು ಜಾಗ ಬಿಡಿ. ನೆಲಕ್ಕಿಂತ ನಾಲ್ಕು ಬೆರಳು ಎತ್ತರದ ಮಣೆಯ ಮೇಲಿಟ್ಟರೆ ಗುಡಿಸುವಾಗ ಏಳುವ ಧೂಳು ಕಡಿಮೆ ಸೇರುತ್ತದೆ.

ಹಣ ಉಳಿಸಲೇಬೇಕಾದರೆ ಗಾಜಿನಲ್ಲಿ ಉಳಿಸಿ, ಬಣ್ಣದ ದೀಪಗಳಲ್ಲಿ ಉಳಿಸಿ. ತಗಡಿನ ದಪ್ಪ, ಒಳಗಿನ ಜಾಗ, ಫ್ಯಾನಿನ ಗಾತ್ರ ಇವುಗಳಲ್ಲಿ ಬೇಡ. ಜೋಡಿಸಿದ ಮೇಲೆ ಅಂಗಡಿಯಲ್ಲೇ ಹತ್ತು ನಿಮಿಷ ಓಡಿಸಿ, ಪೆಟ್ಟಿಗೆಗೆ ಕಿವಿಗೊಟ್ಟು ಕೇಳಿ. ಪೇಟೆಯ ಗದ್ದಲದಲ್ಲಿ ಅಷ್ಟಾಗಿ ಕೇಳಿಸದ ಸದ್ದು ರಾತ್ರಿ ಹನ್ನೊಂದಕ್ಕೆ ಮನೆಮಂದಿಗೆಲ್ಲ ಕೇಳುತ್ತದೆ.