ಹಳೆಯ ದರದ ದೊಡ್ಡ ಕಾರು

ಶೋರೂಮಿನಿಂದ ಹೊರಬೀಳುವಾಗ ₹40–50 ಲಕ್ಷ ಬೆಲೆ ಇದ್ದ ಜರ್ಮನ್ ಕಾರು ಏಳೆಂಟು ವರ್ಷ ಕಳೆದ ಮೇಲೆ ಹೊಸ ಮಧ್ಯಮ ಎಸ್‌ಯುವಿಯ ಬೆಲೆಗೆ ಇಳಿದಿರುತ್ತದೆ. ಕಾರ್ಖಾನೆಗಳಿಂದ ಕಬ್ಬಿನ ಬಿಲ್ಲು ಕೈಗೆ ಬರುವ ತಿಂಗಳುಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಇಂಥ ಗಾಡಿಗಳ ಫೋಟೊ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ. ಈ ಕೊಳ್ಳುವಿಕೆಯಲ್ಲಿ ಮೊದಲು ತಿಳಿಯಬೇಕಾದ ಲೆಕ್ಕ ಒಂದೇ. ಗಾಡಿ ಸಿಗುವುದು ಹಳೆಯ ದರಕ್ಕೆ, ಸಾಕುವುದು ಮಾತ್ರ ಹೊಸ ದರಕ್ಕೆ. ₹50 ಲಕ್ಷದ ಕಾರಿನ ಹೆಡ್‌ಲೈಟು ನಿಮಗೆ ₹15 ಲಕ್ಷಕ್ಕೆ ಸಿಕ್ಕ ಕಾರಿನ ಹೆಡ್‌ಲೈಟು ಆಗುವುದಿಲ್ಲ. ಬಿಡಿಭಾಗ, ಟೈರು, ಮಿಸ್ತ್ರಿಯ ಕೂಲಿ, ಕಡೆಗೆ ಸರ್ಕಾರದ ತೆರಿಗೆ ಕೂಡ ಮೂಲ ಬೆಲೆಯನ್ನೇ ನೋಡಿ ಬರುತ್ತವೆ.

ಹಾಗೆಂದು ಬೇಡ ಎನ್ನುವ ಮಾತಲ್ಲ ಇದು. ಬಿಎಂಡಬ್ಲ್ಯುದ 3 ಸರಣಿ ಮತ್ತು 6 ಸರಣಿಯ ಗ್ರ್ಯಾನ್ ಟುರಿಸ್ಮೊ, ಸ್ಕೋಡಾ ಸೂಪರ್ಬ್, ಆಡಿ ಎ6, ಮರ್ಸಿಡಿಸ್ ಇ ಕ್ಲಾಸ್ ಇಂಥವನ್ನು ಮಾಡಿರುವುದೇ ನಾಲ್ಕು ಜನ, ನಾಲ್ಕು ಸೂಟ್‌ಕೇಸು ಹೊತ್ತು ದಿನವಿಡೀ ಓಡಿದರೂ ಇಳಿಯುವಾಗ ಬೆನ್ನು ನೋಯಬಾರದು ಎಂದು. ಸಂಕೇಶ್ವರದಲ್ಲಿ ರಾಷ್ಟ್ರೀಯ ಹೆದ್ದಾರಿ 48 ಹತ್ತಿದರೆ ಒಂದು ದಿಕ್ಕಿಗೆ ಪುಣೆ, ಇನ್ನೊಂದು ದಿಕ್ಕಿಗೆ ಬೆಂಗಳೂರು. ಮಕ್ಕಳು ಆ ಊರುಗಳಲ್ಲಿ ಓದುತ್ತಿರುವ, ವ್ಯಾಪಾರ ಅಲ್ಲಿಯವರೆಗೆ ಚಾಚಿರುವ ಮನೆಗಳಿಗೆ ಇದು ನಿಜಕ್ಕೂ ಒಪ್ಪುವ ಗಾಡಿ. ಆದರೆ ಗೋಕಾಕದಿಂದ ಘಟಪ್ರಭಾಕ್ಕೆ, ಮೂಡಲಗಿಯಿಂದ ತೋಟಕ್ಕೆ ಹೋಗಿಬರುವುದಷ್ಟೇ ಕೆಲಸವಾಗಿದ್ದರೆ ಬೇಡ ಎಂದೇ ಹೇಳುತ್ತೇನೆ. ಕಾರಣ ಗಾಡಿಯ ಒಳಗೇ ಇದೆ.

2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂತು. ಆಮೇಲಿನ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಕೂತಿರುತ್ತದೆ. ಅದರಲ್ಲಿ ತುಂಬಿದ ಮಸಿ ತಾನಾಗಿ ಉರಿದು ಬೂದಿಯಾಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅಷ್ಟು ಕಾವು ಹುಟ್ಟುವುದು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಅರ್ಧ ತಾಸು ಓಡಿದಾಗ. ಕಬ್ಬಿನ ಟ್ರ್ಯಾಕ್ಟರ್‌ ಹಿಂದೆ, ಎರಡು ಟ್ರೇಲರ್‌ ದಾಟಲಾಗದೆ ತೆವಳುತ್ತ ಹತ್ತು ಕಿಲೊಮೀಟರು ಹೋಗಿ ನಿಲ್ಲಿಸುವ ಗಾಡಿಯಲ್ಲಿ ಜಾಲರಿ ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಆದ್ದರಿಂದ ‘ಬಹಳ ಕಡಿಮೆ ಓಡಿದೆ’ ಎಂಬ ಮಾತಿಗೆ ಮರುಳಾಗಬೇಡಿ. ಆರು ವರ್ಷದಲ್ಲಿ 20,000 ಕಿಲೊಮೀಟರು ಊರೊಳಗೇ ಸುತ್ತಿದ ಡೀಸೆಲ್ ಕಾರಿಗಿಂತ, ಹೆದ್ದಾರಿಯಲ್ಲಿ 80,000 ಓಡಿ ಪ್ರತಿ ಸರ್ವಿಸಿನ ಬಿಲ್ಲು ಇಟ್ಟುಕೊಂಡಿರುವ ಕಾರನ್ನೇ ನಾನು ಆರಿಸುತ್ತೇನೆ.

ಪೆಟ್ರೋಲಿನದು ಬೇರೆಯೇ ಸಂಗತಿ, ಅದಕ್ಕೂ ಈ ನೆಲಕ್ಕೂ ನೇರ ನಂಟಿದೆ. ಬೆಳಗಾವಿ ಜಿಲ್ಲೆಯ ಕಬ್ಬು ಸಕ್ಕರೆಯಷ್ಟೇ ಆಗದೆ ಎಥೆನಾಲ್ ಆಗಿ ಪೆಟ್ರೋಲ್ ಸೇರುತ್ತಿದೆ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ಶೇ. 20 ಮುಟ್ಟಿತು. 2023ರ ಏಪ್ರಿಲ್‌ಗೆ ಮೊದಲಿನ ಅನೇಕ ಕಾರುಗಳ ರಬ್ಬರ್ ಪೈಪು, ಸೀಲುಗಳನ್ನು ಶೇ. 10ಕ್ಕೆ ಹೊಂದುವಂತೆ ಮಾಡಿತ್ತು. ಇಂಧನ ಟ್ಯಾಂಕಿನ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿ ಇ10 ಅಥವಾ ಇ20 ಎಂದು ಬರೆದಿರುತ್ತದೆ. ಇ10 ಎಂದಿದ್ದರೆ ಇಂಧನದ ಪೈಪುಗಳನ್ನು ಮಿಸ್ತ್ರಿಗೆ ತೋರಿಸಿ, ಬದಲಿಸುವ ಖರ್ಚನ್ನು ಮಾತುಕತೆಯಲ್ಲೇ ಹಿಡಿಯಿರಿ.

ಈಗ ನೀರಿನ ಮಾತು. ನಮ್ಮ ಕಡೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ನದಿ ಉಕ್ಕಿ ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತು. ಅದೇ ದಿನಗಳಲ್ಲಿ ಕೊಲ್ಹಾಪುರ, ಸಾಂಗ್ಲಿ ನೀರಲ್ಲಿ ನಿಂತಿದ್ದವು. 2021ರ ಜುಲೈನಲ್ಲಿ ಕೊಲ್ಹಾಪುರ ಮತ್ತೆ ಮುಳುಗಿ ಹೆದ್ದಾರಿಯೇ ಬಂದಾಯಿತು. ಆ ಊರುಗಳ ಪಾರ್ಕಿಂಗಿನಲ್ಲಿ ನಿಂತಿದ್ದ ಕಾರುಗಳೆಲ್ಲ ಗುಜರಿಗೆ ಹೋದವು ಎಂದು ನಂಬುವ ಹಾಗಿಲ್ಲ. ಗಡಿ ದಾಟಿ ಬರುವ ಕೊಲ್ಹಾಪುರ, ಸಾಂಗ್ಲಿಯ ಎಂಎಚ್ 09, ಎಂಎಚ್ 10 ಪಾಸಿಂಗಿನ ಗಾಡಿ ಇಲ್ಲಿ ಯಾರಿಗೂ ಹೊಸತಲ್ಲ.

ದುಬಾರಿ ಕಾರಿಗೆ ಪ್ರವಾಹದ ನೀರು ಮಾರುತಿಗಿಂತ ಹೆಚ್ಚು ಕೆಡುಕು ಮಾಡುತ್ತದೆ. ಬಿಎಂಡಬ್ಲ್ಯುಗಳಲ್ಲಿ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಕಂಪ್ಯೂಟರ್ ಪೆಟ್ಟಿಗೆಗಳು, ವೈರಿನ ಕಟ್ಟುಗಳು ಕಾರ್ಪೆಟ್ಟಿನ ಕೆಳಗೆ, ಸೀಟಿನಡಿಗೆ, ಡಿಕ್ಕಿಯ ಮೂಲೆಗಳಲ್ಲಿ ಹರಡಿರುತ್ತವೆ. ಒಂದೂವರೆ ಅಡಿ ನೀರು ಸಾಕು. ಮೊದಲ ತಿಂಗಳು ಏನೂ ತಿಳಿಯದು. ಆಮೇಲೆ ಪಿನ್ನುಗಳಿಗೆ ಹಸಿರು ತುಕ್ಕು ಹಿಡಿದು, ಇವತ್ತು ಕಿಟಕಿ, ನಾಳೆ ಗೇರು, ಮೂರನೆಯ ದಿನ ಸ್ಟಾರ್ಟೇ ಇಲ್ಲ.

ಪತ್ತೆ ಮಾಡಲು ಬರಿಗೈ ಸಾಕು. ಮುಂದಿನ ಸೀಟ್‌ಬೆಲ್ಟನ್ನು ಪೂರ್ತಿ, ಇನ್ನು ಬರುವುದಿಲ್ಲ ಎನ್ನುವವರೆಗೆ ಎಳೆಯಿರಿ. ಒಳಗಿನ ಕೊನೆಯ ಎರಡು ಗೇಣು ಪಟ್ಟಿ ಹೊರಗಿನ ಪಟ್ಟಿಯ ಬಣ್ಣಕ್ಕೇ ಇರಬೇಕು. ಅಲ್ಲಿ ಕೆಂಪಗಿನ ಕೆಸರಿನ ಗೆರೆ, ಬಿಗುಪು, ಮುಗ್ಗಿದ ವಾಸನೆ ಇದ್ದರೆ ಆ ಗಾಡಿ ನೀರು ಕಂಡಿದೆ. ಒಳಾಂಗಣ ತೊಳೆಯುವವರು ಸೀಟು ತೊಳೆಯುತ್ತಾರೆ, ಮ್ಯಾಟು ಬದಲಿಸುತ್ತಾರೆ, ಕಂಬದೊಳಗೆ ಸುತ್ತಿಕೊಂಡ ಬೆಲ್ಟಿನ ಕೊನೆ ಸಾಮಾನ್ಯವಾಗಿ ಅವರ ಕೈಗೆ ಸಿಗುವುದಿಲ್ಲ. ಇನ್ನೊಂದು ಜಾಗ ಸೀಟಿನ ಹಳಿ. ಸೀಟನ್ನು ಪೂರಾ ಹಿಂದಕ್ಕೆ ತಳ್ಳಿ ಮುಂದಿನ ಬೋಲ್ಟುಗಳ ತಲೆ ನೋಡಿ. ತುಕ್ಕು ಬೇಡ, ಪಾನಾ ತಿರುಗಿಸಿದ ಹೊಸ ಗೀರೂ ಬೇಡ. ಸ್ಟೆಪ್ನಿಯ ಗುಂಡಿಯಲ್ಲಿ ಬೆರಳಾಡಿಸಿದರೆ ನಯವಾದ ಒಂಡು ಹತ್ತಬಾರದು.

ಕಿಲೊಮೀಟರು ತಿರುಗಿಸುವುದು ಸುಲಭ ಎಂಬುದು ಎಲ್ಲರಿಗೂ ಗೊತ್ತು. ಮೀಟರಿನಲ್ಲಿ ತಿರುಗಿಸಿದರೂ ಇಂಥ ಕಾರುಗಳಲ್ಲಿ ಆ ಅಂಕಿ ಬೇರೆ ಕಂಪ್ಯೂಟರ್‌ ಪೆಟ್ಟಿಗೆಗಳಲ್ಲೂ ಉಳಿದಿರುತ್ತದೆ, ಬಿಎಂಡಬ್ಲ್ಯುದಲ್ಲಂತೂ ಕೀಲಿಕೈಯಲ್ಲೂ. ಅಧಿಕೃತ ವರ್ಕ್‌ಶಾಪಿನಲ್ಲಿ ಚಾಸಿ ನಂಬರ್ ಕೊಟ್ಟು ಮಾಲೀಕನ ಒಪ್ಪಿಗೆಯಿಂದ ಸರ್ವಿಸ್ ಚರಿತ್ರೆ ತೆಗೆಸಿ, ಸ್ಕ್ಯಾನರ್ ಹಚ್ಚಿಸಿ. ಖರ್ಚು ಕೆಲವು ಸಾವಿರ. ಅದನ್ನು ಉಳಿಸಲು ಹೋಗಿ ಲಕ್ಷ ಕಳೆಯುವುದು ಬೇಡ. ‘ಅದೆಲ್ಲಾ ಯಾಕ್ರೀ ಸಾವಕಾರ್ರ, ಡಾಕ್ಟರ್ ಓಡ್ಸಿದ ಗಾಡಿ’ ಎಂದು ದಲಾಲ ಅಡ್ಡ ಬಂದರೆ, ಬೇರೆ ಗಾಡಿ ನೋಡುವುದೇ ವಾಸಿ. ಸ್ಕ್ಯಾನರಿಗೆ ಹೆದರುವ ಗಾಡಿ ನಮಗೆ ಬೇಕಿಲ್ಲ. ಅದೇ ಹೊತ್ತಿಗೆ ಕಂಪನಿ ಹಿಂದೆ ಕರೆದು ಸರಿಮಾಡಿಕೊಟ್ಟ ಕೆಲಸಗಳು ಈ ಗಾಡಿಗೂ ಆಗಿವೆಯೇ ಕೇಳಿ. ತಕಾಟಾ ಏರ್‌ಬ್ಯಾಗುಗಳ ಪ್ರಕರಣದಲ್ಲಿ ಹಲವು ಕಂಪನಿಗಳ ಕಾರುಗಳಿದ್ದವು. ಸೆಕೆ, ತೇವದಲ್ಲಿ ವರ್ಷಗಟ್ಟಲೆ ಇದ್ದ ಅದರ ಸ್ಫೋಟಕ ಕೆಟ್ಟು, ಅಪಘಾತದಲ್ಲಿ ಲೋಹದ ಚೂರು ಸಿಡಿಯುತ್ತಿತ್ತು. ಬದಲಿಸಿಕೊಡುವುದು ಪುಕ್ಕಟೆ, ಮಾಲೀಕ ಒಯ್ದು ಕೊಡಬೇಕಷ್ಟೆ.

ಗೇರ್‌ಬಾಕ್ಸಿನ ಎಣ್ಣೆಯ ಬಿಲ್ಲನ್ನು ಹುಡುಕಿ. ಬಿಎಂಡಬ್ಲ್ಯು ಮುಂತಾದವುಗಳಲ್ಲಿರುವ ಎಂಟು ಗೇರಿನ ಆಟೊಮ್ಯಾಟಿಕ್ ಮಾಡುವ ಝಡ್‌ಎಫ್ ಕಂಪನಿ, ಎಣ್ಣೆಯನ್ನು 80,000ದಿಂದ 1,20,000 ಕಿಲೊಮೀಟರಿನೊಳಗೆ ಇಲ್ಲವೇ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ‘ಇದಕ್ಕೆ ಎಣ್ಣೆ ಬದಲಿಸೋದೇ ಬೇಡ’ ಎಂದು ಅನೇಕ ಮಾಲೀಕರು ಕೇಳಿಕೊಂಡು ಬಂದಿರುತ್ತಾರೆ. ಎಣ್ಣೆ ಬದಲಿಸಿದ ಬಿಲ್ಲು ಇದ್ದರೆ ಆ ಮಾಲೀಕ ಗಾಡಿ ಸಾಕಲು ಬಲ್ಲವನು. ಟೈರಿನ ಬದಿಯ ನಾಲ್ಕು ಅಂಕಿಯನ್ನೂ ಓದಿ. 3521 ಎಂದಿದ್ದರೆ 2021ರ 35ನೇ ವಾರದಲ್ಲಿ ಮಾಡಿದ್ದು. ಗಾಳಿಚೀಲದ ಸಸ್ಪೆನ್ಶನ್ ಇರುವ 6 ಸರಣಿಯಂಥ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಹೋಗಿ ನೋಡಬೇಕು. ರಾತ್ರಿಯಲ್ಲಿ ಒಂದು ಮೂಲೆ ಕುಸಿದು ಕೂತಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ನೆಲಕ್ಕೆ ಹತ್ತಿರ ಕೂರುವ ಕಾರಿನ ಹೊಟ್ಟೆಯನ್ನು ಊರೂರಿನ ಹಂಪುಗಳು ತರಚಿರುತ್ತವೆ, ಆದ್ದರಿಂದ ಲಿಫ್ಟಿಗೆ ಏರಿಸದೆ ಮಾತು ಮುಗಿಸಬಾರದು.

ಕಾಗದದ ಕೆಲಸದಲ್ಲಿ ನಮ್ಮ ಕಡೆಯವರು ಅವಸರ ಮಾಡುವುದು ಹೆಚ್ಚು. ಪುಣೆ, ಕೊಲ್ಹಾಪುರದ ಗಾಡಿ ಅಗ್ಗವಾಗಿ ಕಾಣುವುದು ಕರ್ನಾಟಕದ ತೆರಿಗೆ ಸೇರುವ ಮೊದಲು. ನಮ್ಮಲ್ಲಿ ₹20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಮೇಲೆ ಉಪಕರ. ಹಳೆಯ ಗಾಡಿಗೆ ವಯಸ್ಸು ನೋಡಿ ಇಳಿಸುತ್ತಾರೆ ನಿಜ, ಆದರೆ ಲೆಕ್ಕ ಶುರುವಾಗುವುದು ಗಾಡಿಯ ಮೂಲ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದಲ್ಲ. ತೆರಿಗೆ ಕಟ್ಟದೆ ಹೊರಗಿನ ನಂಬರಿನಲ್ಲೇ ಓಡಿಸುವ ದಾರಿ ಉಳಿದಿಲ್ಲ. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಇಂಥ ಐಷಾರಾಮಿ ಕಾರುಗಳನ್ನು ಸಾಲಾಗಿ ವಶಕ್ಕೆ ತೆಗೆದುಕೊಂಡಿತ್ತು. ದಿಲ್ಲಿಯಿಂದ ಬರುವ ಅಗ್ಗದ ಡೀಸೆಲ್ ಗಾಡಿಗೂ ಇದೇ ಲೆಕ್ಕ. ಹತ್ತು ವರ್ಷ ದಾಟಿದ ಡೀಸೆಲ್ ಅಲ್ಲಿ ಓಡಬಾರದು ಎಂಬ ಹಸಿರು ನ್ಯಾಯಮಂಡಳಿಯ 2015ರ ಆದೇಶ, ಅದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು, ಇವೆರಡರಿಂದ ಅಲ್ಲಿನ ಒಳ್ಳೆಯ ಗಾಡಿಗಳೂ ದಕ್ಷಿಣಕ್ಕೆ ಹರಿದವು. ಕೊಳ್ಳಬಹುದು, ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಮತ್ತು ತೆರಿಗೆಯ ಮೊತ್ತ ಮುಂಚೆಯೇ ಗೋಕಾಕದ ಆರ್‌ಟಿಒ ಕಚೇರಿಯಲ್ಲಿ ತಿಳಿದುಕೊಂಡರೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿಎಸ್‌ಟಿ, ಸೆಸ್ಸು ಸೇರಿ ಇದ್ದ ಹೊರೆ ಶೇ. 40ಕ್ಕೆ ಇಳಿದು ಹೊಸ ಕಾರಿನ ಬೆಲೆಯೇ ತಗ್ಗಿದೆ. ಹಳೆಯ ಗಾಡಿ ಮಾರುವವನು ಅದಕ್ಕೂ ಹಿಂದಿನ ದರ ಹೇಳಿದರೆ ಇದನ್ನು ಮುಂದಿಡಿ.

ಸಂಚಕಾರ ಕೊಡುವುದೂ ಬ್ಯಾಂಕಿನ ಮೂಲಕವೇ ಇರಲಿ. ಒಂದು ವ್ಯವಹಾರದಲ್ಲಿ ₹2 ಲಕ್ಷ ಅಥವಾ ಮೇಲಿನ ನಗದು ಪಡೆದರೆ ಪಡೆದವನಿಗೆ ಅಷ್ಟೇ ದಂಡ ಬೀಳುತ್ತದೆ, ಕೊಟ್ಟವನ ಕೈಯಲ್ಲಿ ಪುರಾವೆ ಉಳಿಯುವುದಿಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರ್ಮ್ 35 ಇಲ್ಲದೆ ಮುಂದೆ ಹೋಗಬಾರದು. ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಆದ ದಿನವೇ ಆರ್‌ಟಿಒ ಕೆಲಸ ಶುರುವಾಗಲಿ. ಕೊಂಡವನು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ವಿಮೆ ತನ್ನ ಹೆಸರಿಗೆ ಬರಲು 14 ದಿನದೊಳಗೆ ಕಂಪನಿಗೆ ತಿಳಿಸಬೇಕು. ಹಿಂದಿನವನ ನೋ ಕ್ಲೇಮ್ ಬೋನಸ್ ಅವನ ಜೊತೆಗೇ ಹೋಗುತ್ತದೆ, ಪ್ರೀಮಿಯಂ ಆ ಮಟ್ಟಿಗೆ ಏರುತ್ತದೆ. ನೀರು ನಿಲ್ಲುವ ಊರಿನಲ್ಲಿ ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಸಿಕ್ಕರೆ ಬಿಡಬೇಡಿ.

ಮಾರುವವರಿಗೂ ಒಂದು ಮಾತು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಗಾಡಿ ಕೈಯಿಂದ ಕೈಗೆ ಎಷ್ಟು ದಾಟಿದ್ದರೂ, ಅಪಘಾತದ ದಿನ ನೋಂದಣಿ ಪುಸ್ತಕದಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆ. ಆದ್ದರಿಂದ ಗಾಡಿ ಒಪ್ಪಿಸುವಾಗ ತಾರೀಖು, ಗಂಟೆ ಬರೆದು ಇಬ್ಬರೂ ಸಹಿ ಹಾಕಿದ ಚೀಟಿ, ಬಾಕಿ ಚಲನ್‌ ಕಟ್ಟಿದ ರಸೀದಿ, ಫಾಸ್ಟ್ಯಾಗ್ ರದ್ದಾದ ದಾಖಲೆ, ಎರಡನೆಯ ಕೀಲಿಕೈ ಇವೆಲ್ಲ ಒಂದೇ ದಿನ ಕೈ ಬದಲಾಗಬೇಕು. ಮಾರುವವನು ಎರಡನೆಯ ಕೀಲಿ ಆಮೇಲೆ ಕಳಿಸುತ್ತೇನೆ ಎಂದರೆ ಅದರ ಹೊಸ ದರವನ್ನು ಕೇಳಿ, ಅಷ್ಟು ಹಣ ಹಿಡಿದುಕೊಂಡು ಉಳಿದದ್ದನ್ನು ಕೊಡಿ.